ಅಂಕಿ ಮಾತ್ರ ಬರೆಯಿರಿ

ನಾಲ್ಕನೇ ಅಭ್ಯಾಸ:
ಒಂದು ಸಾಲು ಓದಿಕೊ, ಅದರಿಂದ ವಯಸ್ಸು ಹೆಕ್ಕು.
ಅಂಕಿಯಲ್ಲದ್ದು ಬಂದರೆ ಮತ್ತೆ ಕೇಳು,
ಸರಿಯಾಗುವ ತನಕ ಬಿಡಬೇಡ.

ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಹದಿನೆಂಟು ಕಂಪ್ಯೂಟರು,
ಹನ್ನೊಂದಕ್ಕೆ ಜೀವ.
ಹಾಲಸ್ವಾಮಿ ಸರ್ ಬೆನ್ನ ಹಿಂದೆ ನಿಂತು
ಬೇಕಂತಲೇ ತಪ್ಪು ತುಂಬುತ್ತಾರೆ:
ವಯಸ್ಸಿನ ಜಾಗಕ್ಕೆ ಬದನೆಕಾಯಿ,
ಫೋನಿನ ಜಾಗಕ್ಕೆ ಒಂದು ಚುಕ್ಕೆ,
ಹೆಸರು ಕೇಳಿದರೆ ಬರಿಯ ಎಂಟರ್.
ನನ್ನ ಪ್ರೋಗ್ರಾಮು ಕೆಂಪಗೆ ಕುಸಿದು ಬೀಳುತ್ತದೆ.
"ನೋಡಮ್ಮಾ ಮುಬೀನಾ, ಜನ ಹಿಂಗೇ ಇರೋದು.
ನೀನು ಕೇಳಿದ್ದನ್ನ ಯಾರೂ ಕೊಡಲ್ಲ."

ಅಭ್ಯಾಸವನ್ನು ಮನೆಗೆ ತಂದೆ.
ದಾವಣಗೆರೆಯಲ್ಲಿ ಹೊಗೆಯ ವಿಳಾಸ ಕೇಳಿದರೆ
ನಮ್ಮ ಮಂಡಕ್ಕಿ ಭಟ್ಟಿಗಳ ಬೀದಿ ತೋರಿಸುತ್ತಾರೆ.
"ಅಮ್ಮೀ, ನಿನ್ನ ವಯಸ್ಸು?"
"ಕಾಟನ್ ಮಿಲ್ಲಿನ ಕೂಗು ನಿಂತಾಗ
ನನಗೆ ಹಾಲುಹಲ್ಲು ಬೀಳ್ತಿದ್ವು."
ಫೋನಿನಲ್ಲಿ ಒತ್ತಿದೆ, ಇದ್ದದ್ದು ಇದ್ದಂಗೆ, ಹಾಲುಹಲ್ಲಿನ ಸಮೇತ.
ಅಂಕಿ ಮಾತ್ರ ಬರೆಯಿರಿ.
"ಯಾವ ವರ್ಷ ಅಮ್ಮೀ ಕೂಗು ನಿಂತಿದ್ದು?"
"ಒಂದೇ ಸಲ ನಿಂತಿತೇನು?
ಮೊದಲು ರಾತ್ರಿ ಪಾಳಿಯದು,
ಆಮೇಲೆ ಯಾವಾಗಲೋ ಹಗಲಿಂದು..."
ಅಂಕಿ ಮಾತ್ರ ಬರೆಯಿರಿ.

ಹೆಸರಿಗೂ ಅದೇ ಪಾಡು.
ರೇಷನ್ ಕಾರ್ಡಿನಲ್ಲಿ ಜೈತುನಬಿ,
ಬ್ಯಾಂಕಿನ ಪುಸ್ತಕದಲ್ಲಿ ಜೈತೂನ್ ಬೀ,
ಆಧಾರಿನಲ್ಲಿ ಜೈತುನ್‌ಬಿ, ಕೊನೆಗೊಂದು ಖಾಲಿ ಜಾಗ,
ಕಣ್ಣಿಗೆ ಕಾಣದ್ದು, ಎಣಿಸಿದರೆ ಸಿಗುವಂಥದ್ದು.
ಎಲ್ಲ ಒಂದೇನಾ ಎಂದು ಜೋಡಿ ಜೋಡಿ ಮಾಡಿ ಕೇಳಿದೆ.
ಅಲ್ಲ. ಅಲ್ಲ. ಅಲ್ಲ.
ಆ ಮೂವರೂ ಒಂದೇ ಜರಡಿ ಹಿಡಿದು
ನನ್ನೆದುರು ಕುಕ್ಕರಗಾಲಲ್ಲಿ ಕೂತಿದ್ದರು.

ಐದನೆಯದು ಪುಸ್ತಕದಲ್ಲಿಲ್ಲ, ನಾನೇ ಹಾಕಿಕೊಂಡದ್ದು:
ಅಂಗಡಿಯವರ ಮೆಸೇಜಿನಿಂದ ಚೀಲದ ಲೆಕ್ಕ ತೆಗೆಯುವುದು.
ಅಂಕಿಯಲ್ಲದ್ದನ್ನೆಲ್ಲ ಕಿತ್ತುಹಾಕು, ಉಳಿದದ್ದೇ ಲೆಕ್ಕ.
ಅಷ್ಟು ಸಲೀಸು.
ಮಲೇಬೆನ್ನೂರಿನ ಕೊಟ್ರೇಶಿ ಕಳಿಸಿದ್ದ:
"ಅಕ್ಕಾ ನಾಳೆಗೆ 5 ಚೀಲ ಬೇಕು,
ಹೋದ್ಸಲದ 2ರಲ್ಲಿ ಮರಳು ಹಲ್ಲಿಗೆ ಸಿಕ್ತು."
ಉತ್ತರ ಬಂತು: 52.
ಐವತ್ತೆರಡು ಚೀಲ! ಅಮ್ಮಿ ನಕ್ಕ ಸದ್ದಿಗೆ
ಪಕ್ಕದ ಒಲೆಯ ಮಾಬುಸಾಬ್ ಕೆಲಸ ಬಿಟ್ಟು ಬಂದರು.
ನಗು ಆರಿದ ಮೇಲೆ ಅವಳು ಕೇಳಿದ್ದು ಬೇರೆ.
"ಬೇಕಾದ್ದು ಉಳಿಸ್ಕೊಂಡಿ, ಆತು.
ಮರಳು ಸಿಕ್ತು ಅಂದನಲ್ಲ, ಅದನ್ನ ಎಲ್ಲಿ ಚೆಲ್ಲಿದಿ?
ಅವನು ಹೇಳೋಕೆ ಬಂದಿದ್ದೇ ಅದಲ್ಲೇನು?"

ರಾತ್ರಿ ಫೋನು ಅವಳೇ ಇಸಿದುಕೊಂಡಳು.
ಮೂರನೇ ಇಯತ್ತೆವರೆಗೆ ಕನ್ನಡ ಶಾಲೆ,
ಉದ್ರಿ ಪುಸ್ತಕದಲ್ಲಿ ಇವತ್ತಿಗೂ ಅದೇ ಅಂಕಿ.
ಹುಡುಕಿ ಹುಡುಕಿ ಎರಡು ಒತ್ತಿದಳು:
೪೧
"ಇಷ್ಟಿರಬೋದು," ಅಂದಳು.
ಇದೂ ಬೀಳುತ್ತದೆ ಅಂದುಕೊಂಡೆ, ಬೀಳಲಿಲ್ಲ.
ಬರುವ ವರ್ಷ ನಿಮಗೆ 42, ಎಂದಿತು ಪ್ರೋಗ್ರಾಮು,
ಯಾರೂ ಕಲಿಸದೆ, ನಾನಂತೂ ಕಲಿಸದೆ.

ಮರುದಿನ ಸರ್ ನಂಬಲಿಲ್ಲ.
ತಾವೇ ಕೂತು ೭ ಒತ್ತಿದರು, ೯ ಒತ್ತಿದರು,
ಎರಡನ್ನೂ ಕೂಡಿಸಿದರು, ಹದಿನಾರು ಬಂತು.
ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು.
"ಇಪ್ಪತ್ತು ವರ್ಷ ಪಾಠ ಮಾಡೀನಿ, ಒಂದಿನ ಒತ್ತಿ ನೋಡಿಲ್ಲ."
ಆಮೇಲೆ ಮತ್ತೆ ಮೇಷ್ಟ್ರಾದರು:
"ಬಿಗಿ ಮಾಡು. ಇಂಗ್ಲಿಷಿನ ಸೊನ್ನೆಯಿಂದ ಒಂಬತ್ತು,
ಅಷ್ಟಕ್ಕೇ ಒಳಗೆ ಬಿಡು. ಪರೀಕ್ಷೆಗೆ ಅದೇ ಉತ್ತರ."

ಪರೀಕ್ಷೆಗೆ ಅದನ್ನೇ ಬರೆದೆ.
ಭಟ್ಟಿಯ ಫೋನಿನದು ಸಡಿಲವಾಗಿಯೇ ಇದೆ.
ಚೀಲ ಎಂಬ ಮಾತಿನ ಎಡಕ್ಕಿರುವ ಅಂಕಿಯನ್ನಷ್ಟೇ
ಲೆಕ್ಕಕ್ಕೆ ಹಿಡಿಯುತ್ತದೆ ಈಗ.
ಉಳಿದ ಮಾತು ಚೆಲ್ಲುವುದಿಲ್ಲ, ಕೆಳಗೆ ತೋರಿಸುತ್ತದೆ.

ನಿನ್ನೆ ಕೊಟ್ರೇಶಿಯದು ಬಂತು:
"3 ಚೀಲ. ಈ ಸಲ ಚಲೋ ಇತ್ತು.
ಮಗಳ ಪರೀಕ್ಷೆ ಹೆಂಗಾತು?"
ಮೂರು ಎಂದು ಬರೆದುಕೊಂಡೆ.
ಅಮ್ಮಿಯ ಕೈ ಮರಳಲ್ಲಿತ್ತು.
ಕೆಳಗಿಂದು ಇನ್ನೊಂದು ಸಲ ಓದು, ಅಂದಳು.